ಮೊಸರಿನ ಡಬ್ಬಿಯಲ್ಲೇ ಬದನೆ, ಮೆಣಸಿನ ಸಸಿ

ಮಿಷಿಗನ್ ಕಡೆ ಇರೋರಿಗೆ: ಬದನೆ, ಮೆಣಸಿನಕಾಯಿ ಬೀಜ ಹಾಕೋಕೆ ಮಾರ್ಚ್ ಮೊದಲ ವಾರ ಸರಿಯಾದ ಹೊತ್ತು. ಡೆಟ್ರಾಯಿಟ್ ಸುತ್ತ ಮೇ ನಡುವಿನ ತನಕ ಫ್ರಾಸ್ಟ್ (ಸಸಿ ಸುಡೋ ಹಿಮದ ಪದರ) ಬೀಳೋದುಂಟು, ಈ ಸಸಿಗಳಿಗೆ ಮನೆಯೊಳಗೇ 8-10 ವಾರ ಬೇಕು. ಟೊಮೆಟೊಗೆ ಆರು ಸಾಕು.

ಸಸಿ ಬೆಳೆಸೋ ಕಿಟ್‌ಗೆಲ್ಲ ದುಡ್ಡು ಸುರೀಬೇಡಿ. ಮೊಸರಿನ ಡಬ್ಬಿ ತಳಕ್ಕೆ ತೂತು ಮಾಡಿ ಸೀಡ್ ಮಿಕ್ಸ್ (ಬೀಜ ಮೊಳೆಸೋಕೆ ಅಂಗಡಿಯಲ್ಲಿ ಸಿಗೋ ಹಗುರ ಮಿಶ್ರಣ) ತುಂಬಿ. ತೋಟದ ಮಣ್ಣು ಬೇಡ, ಗಟ್ಟಿಯಾಗುತ್ತೆ, ಸಸಿ ಬುಡ ಕೊಳೆಯೋ ರೋಗವೂ ಬರುತ್ತೆ. ಬೀಜ ಕಾಲು ಇಂಚು ಆಳ. ಮೊಳಕೆಗೆ ಬೇಕಿರೋದು ಬೆಳಕಲ್ಲ, ಬಿಸಿ, 25-30 ಡಿಗ್ರಿ ಸೆಲ್ಸಿಯಸ್. ಇಡ್ಲಿ ಹಿಟ್ಟು ಹುದುಗೋಕೆ ಇಡ್ತೀವಲ್ಲ, ಹಾಗೇ ಒಳಗಿನ ಲೈಟ್ ಮಾತ್ರ ಹಾಕಿದ ಓವನ್‌ನಲ್ಲಿಡಿ, ಬಾಗಿಲು ಚೂರು ತೆರೆದಿರಲಿ. ಮೇಲೊಂದು ಚೀಟಿ ಅಂಟಿಸಿ, ಇಲ್ಲಾಂದ್ರೆ ಮಕ್ಕಳು ಪಿಜ್ಜಾಗೆ ಅಂತ ಪ್ರೀಹೀಟ್ ಮಾಡಿಬಿಟ್ಟಾರು!

ಮೊಳಕೆ ಕಂಡ ದಿನವೇ ದೀಪದಡಿಗೆ. ಗಿಡಕ್ಕಂತಲೇ ಮಾರೋ ಗ್ರೋ ಲೈಟ್ ಬೇಕಿಲ್ಲ. ಗ್ಯಾರೇಜಿಗೆ ಹಾಕೋ ನಾಲ್ಕಡಿ ಎಲ್‌ಇಡಿ ಶಾಪ್ ಲೈಟ್, 5000 ಕೆಲ್ವಿನ್‌ದು (ಹಗಲಿನಂಥ ಬಿಳಿ ಬೆಳಕು), ಧಾರಾಳ. ಎಲೆಗಿಂತ ಮೂರಿಂಚು ಮೇಲೆ ಸರಪಳಿಯಲ್ಲಿ ತೂಗುಹಾಕಿ, ಸಸಿ ಬೆಳೆದಂತೆ ಏರಿಸ್ತಾ ಹೋಗಿ. ಟೈಮರ್ ಇಟ್ಟು ದಿನಕ್ಕೆ 14-16 ಗಂಟೆ. ಬರೀ ಕಿಟಕಿ ಬೆಳಕು ನಂಬಿದ್ರೆ ಕಾಂಡ ಉದ್ದಕ್ಕೆ ಬಡಕಲಾಗಿ ಬೆಳೆದು ಬಾಗುತ್ತೆ. ನೀರು ತಟ್ಟೆಗೆ ಹಾಕಿ, ಮೇಲಿಂದ ಬೇಡ.

ಬೀನ್ಸ್‌ಗೆ ಇಷ್ಟೆಲ್ಲ ಬೇಡ, ಜೂನ್‌ನಲ್ಲಿ ನೇರ ನೆಲಕ್ಕೇ ಹಾಕಿ.