ಕಿಂಬರ್‌ಲೈಟ್ ಹೊತ್ತು ತಂದ ಮ್ಯಾಂಟಲ್ ಕಲ್ಲನ್ನು ಓದುವುದು ಹೇಗೆ: ಕರಗಿ ಹೋದದ್ದೆಷ್ಟು, ಆಮೇಲೆ ಸೇರಿದ್ದೇನು?

ಕಿಂಬರ್‌ಲೈಟ್ ಎಂದರೆ ಬಹು ಆಳದಿಂದ ಸ್ಫೋಟಿಸಿ ಮೇಲೆ ಬಂದ ಜ್ವಾಲಾಮುಖಿ ಶಿಲೆ; ದಾರಿಯಲ್ಲಿ ಅದು ಮ್ಯಾಂಟಲ್‌ನ, ಅಂದರೆ ಭೂಚಿಪ್ಪಿನ ಕೆಳಗಿನ ಪದರದ, ತುಂಡುಗಳನ್ನು ಕಿತ್ತು ತರುತ್ತದೆ. ಹಳೆಯ ಖಂಡಗಳ ಅಡಿಯಲ್ಲಿರುವ ಮ್ಯಾಂಟಲ್ ಒಮ್ಮೆ ಚೆನ್ನಾಗಿ ಕರಗಿ, ಶಿಲಾಪಾಕ ಹೊರಟುಹೋದ ಮೇಲೆ ಉಳಿದ ಶೇಷ. ಆಮೇಲೆ ಕೋಟ್ಯಂತರ ವರ್ಷ ಕೆಳಗಿನಿಂದ ನುಗ್ಗಿದ ದ್ರವಗಳೂ ಶಿಲಾಪಾಕಗಳೂ ಅದಕ್ಕೆ ಹೊಸ ಧಾತುಗಳನ್ನು, ಕೆಲವೆಡೆ ಹೊಸ ಖನಿಜಗಳನ್ನೇ ಸೇರಿಸಿವೆ. ಇದು ಮೆಟಸೊಮ್ಯಾಟಿಸಂ. ಇಡೀ ಕಲ್ಲನ್ನು ಪುಡಿಮಾಡಿ ವಿಶ್ಲೇಷಿಸಿದರೆ ಎರಡೂ ಕಲಸಿಹೋಗುತ್ತವೆ. ಹಾಗಾಗಿ ಒಂದೊಂದು ಖನಿಜವನ್ನೂ ಬೇರೆಯಾಗಿ ವಿಚಾರಿಸಬೇಕು. ಇಲ್ಲಿನ ಉದಾಹರಣೆ ದಕ್ಷಿಣ ಆಫ್ರಿಕದ ಕಾಪ್‌ವಾಲ್ ಕ್ರೇಟಾನ್ (ಖಂಡದ ಹಳೆಯ, ಗಟ್ಟಿಯಾದ ತಿರುಳು), ಅದರಲ್ಲೂ ಕಿಂಬರ್ಲಿ ಗಣಿಗಳಿಂದ ಬಂದ ಗಾರ್ನೆಟ್ ಪೆರಿಡೊಟೈಟ್, ಅಂದರೆ ಆಲಿವಿನ್, ಪೈರಾಕ್ಸಿನ್, ಗಾರ್ನೆಟ್ ಖನಿಜಗಳ ಮ್ಯಾಂಟಲ್ ಶಿಲೆ.

ಕಲ್ಲು ಆರಿಸುವಾಗ

ಕಿಂಬರ್ಲಿಯ ಪೆರಿಡೊಟೈಟ್ ಒರಟು ಕಣದ್ದು, ಹಲವು ಕಣಗಳು 5 ಮಿ.ಮೀ. ದಾಟುತ್ತವೆ. ಮುಷ್ಟಿಗಿಂತ ಚಿಕ್ಕ ತುಂಡಿನಲ್ಲಿ ಖನಿಜಗಳ ಪ್ರಮಾಣ ಅಳೆಯಲು ಹೋಗಬೇಡಿ; ಒಂದೇ ಗಾರ್ನೆಟ್ ಹೆಚ್ಚುಕಡಿಮೆಯಾದರೂ ಲೆಕ್ಕ ಏರುಪೇರಾಗುತ್ತದೆ. ಕಿಂಬರ್‌ಲೈಟಿಗೆ ತಾಗಿದ್ದ ಹೊರ ಅಂಚನ್ನು ಕತ್ತರಿಸಿ ತೆಗೆಯಿರಿ. 30 ಮೈಕ್ರಾನ್ ದಪ್ಪದ ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಕಲ್ಲಿನ ತೆಳು ಪದರ) ಎರಡು ಮೂರು ಮಾಡಿಸಿ. ಗಾರ್ನೆಟ್ ಸುತ್ತ ಕಪ್ಪು, ನೂಲುನೂಲಾದ ಅಂಚು ಕಂಡರೆ ಅದು ಕೆಲಿಫೈಟ್. ಕಲ್ಲು ಮೇಲೇರುವಾಗ ಒತ್ತಡ ಇಳಿದು ಗಾರ್ನೆಟ್ ಒಡೆದ ಗುರುತು ಅದು, ಮ್ಯಾಂಟಲಿನೊಳಗೆ ನಡೆದ ಪ್ರಾಚೀನ ಮೆಟಸೊಮ್ಯಾಟಿಸಂ ಅಲ್ಲ. ಸರ್ಪೆಂಟೈನ್ (ಆಲಿವಿನ್ ನೀರಿನೊಡನೆ ವರ್ತಿಸಿ ಆಗುವ ಖನಿಜ), ಕ್ಯಾಲ್ಸೈಟ್ ಎಳೆಗಳೂ ಹೆಚ್ಚಾಗಿ ತಡವಾಗಿ ಬಂದವೇ. ವಿಶ್ಲೇಷಣೆಯ ಚುಕ್ಕೆಯನ್ನು ಬಿರುಕುಗಳಿಂದ ದೂರ, ಕಣದ ನಡುವೆ ಇಡಿ.

ಕರಗುವಿಕೆ: ಆಲಿವಿನ್ ಹೇಳುವುದು

ಕಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಆಲಿವಿನ್. ಸ್ವಲ್ಪ ದ್ರವ ಹರಿದುಹೋದ ಮಾತ್ರಕ್ಕೆ ಅದರ ಸಂಯೋಜನೆ ಅಲುಗುವುದಿಲ್ಲ. ಆದ್ದರಿಂದ ಕರಗುವಿಕೆಯ ಪ್ರಶ್ನೆ ಮೊದಲು ಅದಕ್ಕೇ. ಮೈಕ್ರೋಪ್ರೋಬ್‌ನಲ್ಲಿ (ಎಲೆಕ್ಟ್ರಾನ್ ಕಿರಣದಿಂದ ಚುಕ್ಕೆಯೊಂದರ ಸಂಯೋಜನೆ ಅಳೆಯುವ ಯಂತ್ರ) ಮೆಗ್ನೀಸಿಯಂ ಆಕ್ಸೈಡ್ 50.5, ಕಬ್ಬಿಣದ ಆಕ್ಸೈಡ್ 7.0 ತೂಕದ ಶೇಕಡಾ ಬಂತೆನ್ನಿ. ಅವುಗಳ ಅಣುತೂಕದಿಂದ, ಅಂದರೆ ಮೊದಲನೆಯದನ್ನು 40.30ರಿಂದ, ಎರಡನೆಯದನ್ನು 71.84ರಿಂದ ಭಾಗಿಸಿ: 1.253, 0.097. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ 92.8. ಇದೇ ಮೆಗ್ನೀಸಿಯಂ ಸಂಖ್ಯೆ. ತೂಕದ ಅಂಕಿಗಳನ್ನೇ ನೇರವಾಗಿ ಹಾಕಿದರೆ 87.8 ಬರುತ್ತದೆ, ಕರಗಿಯೇ ಇಲ್ಲದ ಮ್ಯಾಂಟಲ್‌ನಂತೆ ಕಾಣುತ್ತದೆ. ವಿದ್ಯಾರ್ಥಿಗಳ ಲೆಕ್ಕದಲ್ಲಿ ಇದೊಂದನ್ನು ಎರಡು ಸಲ ನೋಡುವುದು ಒಳ್ಳೆಯದು.

ಕರಗದ ಮ್ಯಾಂಟಲ್‌ನಲ್ಲಿ ಈ ಸಂಖ್ಯೆ ಸುಮಾರು 89, ಅಲ್ಯೂಮಿನಾ ಸುಮಾರು ಶೇ 4.5. ಕರಗಿದಂತೆ ಕ್ಯಾಲ್ಸಿಯಂ, ಅಲ್ಯೂಮಿನಿಯಂ, ಕಬ್ಬಿಣ ಹೊರಹೋಗುತ್ತವೆ; ಕ್ಯಾಲ್ಸಿಯಂ ಹೊತ್ತ ಪೈರಾಕ್ಸಿನ್ ಆದ ಕ್ಲೈನೊಪೈರಾಕ್ಸಿನ್ ಬೇಗ ಮುಗಿಯುತ್ತದೆ. ಕಾಪ್‌ವಾಲ್‌ನ 92ರಿಂದ 93 ಎಂದರೆ ಶೇ 30ರಿಂದ 40ರಷ್ಟು ಶಿಲಾಪಾಕ ಹೊರಟುಹೋಗಿದೆ. ಒಂದು ಎಚ್ಚರಿಕೆ: ಆಳದ, ಹೆಚ್ಚು ಬಿಸಿಯ, ನುಜ್ಜುಗುಜ್ಜಾದ ಪೆರಿಡೊಟೈಟ್‌ಗಳಲ್ಲಿ ಕಬ್ಬಿಣ ಹೊತ್ತ ಶಿಲಾಪಾಕ ಆ ಸಂಖ್ಯೆಯನ್ನು ಮತ್ತೆ ಕೆಳಗಿಳಿಸಿರುತ್ತದೆ. ಅಲ್ಲಿ ಕಡಿಮೆ ಸಂಖ್ಯೆ ಎಂದರೆ ಕಡಿಮೆ ಕರಗಿದೆ ಎಂದು ಓದಬಾರದು.

ಕಾಪ್‌ವಾಲ್ ಕಲ್ಲುಗಳಲ್ಲಿ ಆರ್ಥೊಪೈರಾಕ್ಸಿನ್ (ಕ್ಯಾಲ್ಸಿಯಂ ಕಡಿಮೆಯ ಪೈರಾಕ್ಸಿನ್) ಇಷ್ಟು ಕರಗಿದ ಶೇಷಕ್ಕೆ ತಕ್ಕುದಕ್ಕಿಂತ ಹೆಚ್ಚಿದೆ. ಸಿಲಿಕಾ ಹೆಚ್ಚಿದ್ದ ದ್ರವವೋ ಶಿಲಾಪಾಕವೋ ಆಲಿವಿನ್ ಜೊತೆ ವರ್ತಿಸಿತೆಂಬುದು ನಮಗೆ ಹೆಚ್ಚು ಒಪ್ಪುವ ವಿವರಣೆ, ಆದರೆ ವಾದ ಮುಗಿದಿಲ್ಲ.

ಮೆಟಸೊಮ್ಯಾಟಿಸಂ: ಕಾಣುವುದು, ಕಾಣದ್ದು, ವೇಷ ಹಾಕಿದ್ದು

ಕಾಣುವುದು ಸುಲಭ. ಕಿಂಬರ್ಲಿಯಲ್ಲಿ ಒಂದು ಸರಣಿಯೇ ಇದೆ: ಗಾರ್ನೆಟ್ ಪೆರಿಡೊಟೈಟ್‌ಗೆ ಫ್ಲೋಗೊಪೈಟ್ ಅಭ್ರಕ ಸೇರುತ್ತದೆ, ಬಳಿಕ ಗಾರ್ನೆಟ್ ಮಾಯವಾಗುತ್ತದೆ, ಕೊನೆಗೆ ಪೊಟ್ಯಾಶಿಯಂ ರಿಕ್ಟರೈಟ್ ಎಂಬ ಆಂಫಿಬೋಲ್ ಬರುತ್ತದೆ. ಫ್ಲೋಗೊಪೈಟ್‌ನಲ್ಲಿ ಪೊಟ್ಯಾಶಿಯಂ ಆಕ್ಸೈಡ್ ಸುಮಾರು ಶೇ 10. ಕಲ್ಲಿನಲ್ಲಿ ಅದು ಶೇ 1 ಇದ್ದರೂ ಪೊಟ್ಯಾಶಿಯಂ ಆದಿಮ (ಇನ್ನೂ ಕರಗದ) ಮ್ಯಾಂಟಲ್‌ನ ಮೂರು ಪಟ್ಟು ದಾಟುತ್ತದೆ.

ಕಾಣದ್ದರಲ್ಲಿ ಹೊಸ ಖನಿಜವಿಲ್ಲ, ಅತ್ಯಲ್ಪ ಧಾತುಗಳು ಮಾತ್ರ ಏರಿರುತ್ತವೆ. ಹೆಚ್ಚು ಮೋಸ ಮಾಡುವುದು ಮೂರನೆಯದು: ಮೊದಲಿನಿಂದಲೂ ಇದ್ದಂತೆ ಕಾಣುವ ಕ್ಲೈನೊಪೈರಾಕ್ಸಿನ್ ಮತ್ತು ಗಾರ್ನೆಟ್. ಆಲಿವಿನ್ 92.8 ಎನ್ನುತ್ತಿದೆ, ಪಕ್ಕದಲ್ಲೇ ಧಾರಾಳ ಕ್ಲೈನೊಪೈರಾಕ್ಸಿನ್ ಕುಳಿತಿದೆ. ಅಷ್ಟು ಕರಗಿದ ಕಲ್ಲಿನಲ್ಲಿ ಅದು ಉಳಿಯುವಂತಿರಲಿಲ್ಲ. ಹಾಗಿದ್ದರೆ ಅದು ಆಮೇಲೆ ಬಂದದ್ದೆಂದು ಮೊದಲು ಅನುಮಾನಿಸಿ.

ಗಾರ್ನೆಟ್‌ಗೆ ಒಂದು ಸರಳ ಪರೀಕ್ಷೆ: ಕ್ರೋಮಿಯಂ ಆಕ್ಸೈಡ್‌ನ ಕಾಲು ಭಾಗಕ್ಕೆ 3.375 ಕೂಡಿಸಿ. ಕ್ಯಾಲ್ಸಿಯಂ ಆಕ್ಸೈಡ್ ಅದಕ್ಕಿಂತ ಕಡಿಮೆಯಿದ್ದರೆ ಜಿ10, ಅಂದರೆ ಕ್ಲೈನೊಪೈರಾಕ್ಸಿನ್ ಇಲ್ಲದ ಪೆರಿಡೊಟೈಟ್ ಆದ ಹಾರ್ಜ್‌ಬರ್ಗೈಟ್‌ನ ಗಾರ್ನೆಟ್. ಕ್ರೋಮಿಯಂ ಆಕ್ಸೈಡ್ ಶೇ 8, ಕ್ಯಾಲ್ಸಿಯಂ ಆಕ್ಸೈಡ್ ಶೇ 4 ಇದ್ದರೆ ಗಡಿ 5.375, ಅದು ಜಿ10. ಆದರೆ ಜಿ10 ಎಂದಕೂಡಲೇ ಮೆಟಸೊಮ್ಯಾಟಿಸಂ ಮುಟ್ಟಿಲ್ಲ ಎನ್ನಬೇಡಿ. ಲೇಸರ್ ಐಸಿಪಿ-ಎಂಎಸ್‌ನಲ್ಲಿ (ಅತ್ಯಲ್ಪ ಧಾತುಗಳನ್ನು ಅಳೆಯುವ ಯಂತ್ರ) ವಿರಳ ಭೂಧಾತುಗಳನ್ನು ಅಳೆದು ಕಾಂಡ್ರೈಟ್ ಎಂಬ ಆದಿಮ ಉಲ್ಕಾಶಿಲೆಗೆ ಹೋಲಿಸಿ, ಹಗುರದಿಂದ ಭಾರದ ಕಡೆಗೆ ಗೆರೆ ಎಳೆಯಿರಿ. ಲ್ಯಾಂಥನಂನಿಂದ ಏರಿ, ನಿಯೋಡಿಮಿಯಂ–ಸಮೇರಿಯಂ ಬಳಿ ಶಿಖರ ಕಟ್ಟಿ, ಇಳಿದು, ಇಟರ್ಬಿಯಂ ಕಡೆಗೆ ಮತ್ತೆ ಏರಿದರೆ, ಚೆನ್ನಾಗಿ ಬರಿದಾದ ಗಾರ್ನೆಟ್‌ಗೆ ಹಗುರ ಭೂಧಾತು ತುಂಬಿದ ದ್ರವ ತಾಗಿದೆ. ಟೈಟೇನಿಯಂ, ಜಿರ್ಕೋನಿಯಂ, ಇಟ್ರಿಯಂ ಮೂರೂ ಏರಿದ್ದರೆ ಸಿಲಿಕೇಟ್ ಶಿಲಾಪಾಕ. ಕ್ಲೈನೊಪೈರಾಕ್ಸಿನ್‌ನಲ್ಲಿ ಟೈಟೇನಿಯಂ–ಯುರೋಪಿಯಂ ಅನುಪಾತ 1500ಕ್ಕಿಂತ ಕಡಿಮೆ, ಕಾಂಡ್ರೈಟ್‌ಗೆ ಹೋಲಿಸಿದ ಲ್ಯಾಂಥನಂ–ಇಟರ್ಬಿಯಂ ಅನುಪಾತ 3–4 ದಾಟಿದ್ದರೆ ಕಾರ್ಬೊನಟೈಟ್ (ಕಾರ್ಬೊನೇಟ್ ತುಂಬಿದ ಶಿಲಾಪಾಕ) ಶಂಕಿಸಿ.

ನಡುವಿನಿಂದ ಅಂಚಿನವರೆಗೆ ಸಾಲಾಗಿ ಚುಕ್ಕೆ ಹಾಕುವುದನ್ನು ತಪ್ಪಿಸಬೇಡಿ. ಗಾರ್ನೆಟ್ ಅಂಚಿನಲ್ಲಿ ಟೈಟೇನಿಯಂ ಕಡಿದಾಗಿ ಏರಿದ್ದರೆ ಅದು ಸ್ಫೋಟಕ್ಕೆ ಸ್ವಲ್ಪ ಮೊದಲು ನಡೆದದ್ದು. 1200 ಡಿಗ್ರಿ ದಾಟಿದ ಬಿಸಿಯಲ್ಲಿ ದೀರ್ಘಕಾಲ ಇದ್ದಿದ್ದರೆ ವಿಸರಣ ಅದನ್ನು ಸಮ ಮಾಡಿಬಿಡುತ್ತಿತ್ತು.

ಕಾಲ

ಕರಗಿದ ಕಾಲಕ್ಕೆ ರೀನಿಯಂ–ಆಸ್ಮಿಯಂ ಬಳಸಿ. ರೀನಿಯಂ ಶಿಲಾಪಾಕದ ಜೊತೆ ಹೋಗುತ್ತದೆ, ಆಸ್ಮಿಯಂ ಉಳಿಯುತ್ತದೆ. ಕಿಂಬರ್‌ಲೈಟ್ ಆಮೇಲೆ ರೀನಿಯಂ ಬೆರೆಸಿರುತ್ತದೆ. ಆದ್ದರಿಂದ ಸ್ಫೋಟದ ನಂತರದ ಕ್ಷಯವನ್ನು ಕಳೆದು, ಕರಗಿದಾಗ ರೀನಿಯಂ ಪೂರ್ತಿ ಹೋಯಿತೆಂದು ಹಿಡಿದು ಲೆಕ್ಕ ಹಾಕುತ್ತಾರೆ. ಬರುವುದು ಕನಿಷ್ಠ ವಯಸ್ಸು. ಕಾಪ್‌ವಾಲ್‌ನ ಬಹಳಷ್ಟು ಕಲ್ಲು 250 ಕೋಟಿ ವರ್ಷಕ್ಕೂ ಹಿಂದೆ ಹೋಗುತ್ತದೆ. ಮೆಟಸೊಮ್ಯಾಟಿಸಂ ತಂದ ಸಲ್ಫೈಡ್ ಇದ್ದರೆ ಈ ಅಂಕಿ ಹಳಿ ತಪ್ಪುತ್ತದೆ.

ಕಲ್ಲು ಹಾಳಾಗಿದ್ದರೆ

ಪೂರ್ವ ಧಾರವಾಡ ಕ್ರೇಟಾನ್‌ನಲ್ಲಿ, ಅನಂತಪುರದ ವಜ್ರಕರೂರು ಸುತ್ತಿನ ಸುಮಾರು 110 ಕೋಟಿ ವರ್ಷದ ಕಿಂಬರ್‌ಲೈಟ್‌ಗಳಲ್ಲಿ, ಮ್ಯಾಂಟಲ್ ತುಂಡುಗಳ ಆಲಿವಿನ್ ಬಹುಮಟ್ಟಿಗೆ ಸರ್ಪೆಂಟೈನ್ ಆಗಿರುತ್ತದೆ. ಅಲ್ಲಿ ಮೆಗ್ನೀಸಿಯಂ ಸಂಖ್ಯೆಯ ದಾರಿ ಮುಚ್ಚಿದಂತೆ. ಬಿಡಿ ಗಾರ್ನೆಟ್ ಆರಿಸಿ, ಅದೇ ಕ್ಯಾಲ್ಸಿಯಂ–ಕ್ರೋಮಿಯಂ ಪರೀಕ್ಷೆ ಮಾಡಿ, ಗಾರ್ನೆಟ್‌ನ ನಿಕ್ಕಲ್‌ನಿಂದ ಬಿಸಿ ಲೆಕ್ಕ ಹಾಕಿ, ಭೂತಾಪ ರೇಖೆಯ (ಆಳಕ್ಕೆ ತಕ್ಕಂತೆ ಬಿಸಿ ಹೇಗೆ ಏರುತ್ತದೆಂದು ತೋರುವ ಗೆರೆ) ಮೇಲಿಟ್ಟು ಆಳ ಪಡೆಯಿರಿ. ಆಳ ಆ ರೇಖೆಯನ್ನೇ ನಂಬಿಕೊಂಡಿದೆ. ಬಳಸಿದ ರೇಖೆ ಯಾವುದೆಂದು ಪ್ರತಿ ಪಟ್ಟಿಯ ಕೆಳಗೂ ಬರೆಯಿರಿ.