ಹೆಗಲು ಕೊಟ್ಟವರ ಹೆಸರು ಹಿಡಿದು ಒಂದು ಊರಿನ ಕ್ಲಬ್ಬುಗಳನ್ನು ಹುಡುಕಿದ್ದು

ಮೂರು ವರ್ಷ ಹಿಡಿಯಿತು, ಆದರೆ ಕೆಲಸ ಆಯಿತು. ಅಮೆರಿಕದ ಇಂಡಿಯಾನಾ ರಾಜ್ಯದ ಮನ್ಸಿ ಊರಿನಲ್ಲಿ, ಎರಡು ಮಹಾಯುದ್ಧಗಳ ನಡುವೆ, ಯಾರಿಗೆ ಯಾರ ಜೊತೆ ಬಳಕೆ ಇತ್ತು ಅಂತ ಇವತ್ತು ನಾನು ಬೀದಿ ಬೀದಿಯ ಲೆಕ್ಕದಲ್ಲಿ ತೋರಿಸಬಲ್ಲೆ. ಒಂದೇ ಒಂದು ಕ್ಲಬ್ಬಿನ ಸದಸ್ಯರ ಪಟ್ಟಿಯೂ ನನ್ನ ಕೈಗೆ ಸಿಕ್ಕಿರಲಿಲ್ಲ. ನಾನು ಹಿಡಿದುಕೊಂಡದ್ದು ಹಳೆ ಪತ್ರಿಕೆಗಳ ಸಾವಿನ ಸುದ್ದಿಗಳನ್ನು. ಇದು ಆಗುವ ಕೆಲಸವಲ್ಲ ಅಂತ ಹೇಳಿದವರು ಬಹಳ ಜನ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಇಂಡಿಯಾನಾಪೊಲಿಸ್ ಹೊರವಲಯದಲ್ಲಿ. ಮನ್ಸಿಗೆ ಕಾರಿನಲ್ಲಿ ಒಂದು ಗಂಟೆ. ವೀಸಾ ಕಾರಣದಿಂದ ನಾನು ಕೆಲಸಕ್ಕೆ ಹೋಗುವಂತಿರಲಿಲ್ಲ. ಮಗಳನ್ನು ಶಾಲೆಗೆ ಬಿಟ್ಟು ಲೈಬ್ರರಿಯಲ್ಲಿ ಕೂರುವುದು ಹಾಗೆ ಶುರುವಾಯಿತು. ಓದಿಕೊಂಡವರಿಗೆ ಈ ಊರು ಮಿಡಲ್‌ಟೌನ್ ಎಂಬ ಹೆಸರಿನಿಂದ ಗೊತ್ತು. 1924ರ ಜನವರಿಯಲ್ಲಿ ಸಮಾಜವನ್ನು ಅಧ್ಯಯನ ಮಾಡುವ ರಾಬರ್ಟ್ ಲಿಂಡ್, ಹೆಲೆನ್ ಲಿಂಡ್ ದಂಪತಿ ಇಲ್ಲಿಗೆ ಬಂದು, ವರ್ಷಕ್ಕೂ ಜಾಸ್ತಿ ಇದ್ದು, ಜನ ಏನು ತಿಂದರು, ಏನು ಓದಿದರು, ಎಲ್ಲಿ ಸೇರಿದರು ಅಂತ ಆ ಹೆಸರಿನ ಪುಸ್ತಕದಲ್ಲಿ ಬರೆದಿಟ್ಟರು. ಅವರು ಎಣಿಸಿದ ಕ್ಲಬ್ಬುಗಳು 458. 1920ರ ಜನಗಣತಿಯಲ್ಲಿ ಊರಿನ ಜನ 36,524. ಅಂದರೆ ಹೆಚ್ಚುಕಡಿಮೆ 80 ಜನಕ್ಕೆ ಒಂದು ಕ್ಲಬ್ಬು! 1890ರಲ್ಲಿ ಇದ್ದವು ಬರೀ 92. ಎಷ್ಟು ಕ್ಲಬ್ಬು ಅಂತ ಅವರು ಹೇಳಿದರು. ಒಂದೊಂದರೊಳಗೆ ಯಾರು ಯಾರ ಪಕ್ಕ ಕೂತಿದ್ದರು ಅನ್ನುವುದು ನನಗೆ ಬೇಕಾಗಿತ್ತು.

ಮೊದಲ ಎಂಟು ತಿಂಗಳು ದಂಡವಾಯಿತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಕ್ಲಬ್ಬಿನ ಹೆಸರು ಹಾಕಿ ಪತ್ರಿಕೆಗಳಲ್ಲಿ ಹುಡುಕಿದೆ. ಈಗಲ್ಸ್ ಅನ್ನುವ ಸಂಘದ ಹೆಸರು ಹಾಕಿದರೆ ಹದ್ದು, ಆಟದ ತಂಡ, ನಾಣ್ಯ ಎಲ್ಲಾ ಬರುತ್ತದೆ. ಮೂಸ್, ಎಲ್ಕ್ಸ್, ರೆಡ್ ಮೆನ್ ಅನ್ನುವ ಸಂಘಗಳ ಕಥೆಯೂ ಅದೇ. ಲಾಡ್ಜ್ ಅಂತ ಹಾಕಿದರೆ ಮುಗಿದೇಹೋಯಿತು. (ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜ್ ಅಲ್ಲ. ಆಡ್ ಫೆಲೋಸ್, ಮೇಸನ್, ನೈಟ್ಸ್ ಆಫ್ ಪಿಥಿಯಾಸ್ ತರಹದ ಸೋದರಭಾವದ ಸಂಘಗಳ ಊರ ಶಾಖೆಗೆ ಹಾಗನ್ನುತ್ತಾರೆ.) ಇಷ್ಟೆಲ್ಲಾ ಮಾಡಿ ಸಿಕ್ಕಿದ್ದು ಪದಾಧಿಕಾರಿಗಳ ಹೆಸರು ಮಾತ್ರ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ಅವೇ ಮೂವತ್ತು ನಲವತ್ತು ಹೆಸರು ಇಪ್ಪತ್ತು ವರ್ಷ ಸುತ್ತುತ್ತವೆ. ತಿಂಗಳ ಚಂದಾ ಕಟ್ಟಿ ಹಿಂದಿನ ಬೆಂಚಿನಲ್ಲಿ ಕೂತವನ ಸುಳಿವೇ ಇಲ್ಲ.

ಒಂದು ಮಧ್ಯಾಹ್ನ, ಗಾಜಿನ ಜಾಡಿ ಕಾರ್ಖಾನೆಯ ಕೆಲಸಗಾರನೊಬ್ಬನ ಸಾವಿನ ಸುದ್ದಿ ಕಣ್ಣಿಗೆ ಬಿತ್ತು. ಏಳೆಂಟು ಸಾಲು ಅಷ್ಟೆ. ಇಂಥ ಲಾಡ್ಜಿನವನು, ಇಂಥ ಚರ್ಚಿನವನು, ಸ್ಮಶಾನದಲ್ಲಿ ಆಡ್ ಫೆಲೋಸ್ ವಿಧಿ. ಕೊನೆಯಲ್ಲಿ ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರ ಹೆಸರು. ನಮ್ಮ ಅಜ್ಜನನ್ನು ಎತ್ತಿದ ದಿನ ನೆನಪಾಯಿತು. ನಮ್ಮ ಊರಲ್ಲಿ ಚಟ್ಟಕ್ಕೆ ಯಾರು ಹೆಗಲು ಕೊಟ್ಟರು ಅಂತ ನೋಡಿದರೆ ಸಾಕು, ಆ ಮನೆಗೆ ಯಾರ ಜೊತೆ ಬಳಕೆ ಇತ್ತು ಅಂತ ಗೊತ್ತಾಗುತ್ತದೆ. ಇಲ್ಲೂ ಹಾಗೇ ಇರಬೇಕಲ್ವಾ? ಆ ಆರು ಹೆಸರನ್ನು ಸಿಟಿ ಡೈರೆಕ್ಟರಿಯಲ್ಲಿ, ಅಂದರೆ ಊರಿನವರ ಹೆಸರು, ಕೆಲಸ, ವಿಳಾಸ ಅಚ್ಚು ಹಾಕಿದ ಪುಸ್ತಕದಲ್ಲಿ, ಹುಡುಕಿದೆ. ನಾಲ್ಕು ಸಿಕ್ಕವು. ಒಬ್ಬ ಎರಕದ ಕೆಲಸದವನು, ಒಬ್ಬ ಕಿರಾಣಿ ಅಂಗಡಿಯವನು, ಒಬ್ಬ ರೈಲ್ವೆಯವನು, ಒಬ್ಬ ಬಡಗಿ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇಲ್ಲಿನ ಹಳೆ ದಾಖಲೆ ಕೆದಕುವ ಗುಂಪಿನ ಹಿರಿಯರೊಬ್ಬರಿಗೆ ಹೇಳಿದೆ. ಸಾಯುವವರು ಮುದುಕರು, ನಿನಗೆ ಸಿಗುವುದು ಮುದುಕರ ಊರು ಅಂದರು. ನಮ್ಮವರೂ ಅದನ್ನೇ ಹೇಳಿದರು. ಆದರೆ ಸತ್ತವನಿಗೆ ಎಪ್ಪತ್ತಾದರೂ ಪೆಟ್ಟಿಗೆ ಎತ್ತುವವರಿಗೆ ಗಟ್ಟಿ ತೋಳು ಬೇಕು. ಅವರು ಹೆಚ್ಚಾಗಿ ಮೂವತ್ತರಿಂದ ಐವತ್ತೈದರವರು. ನನಗೆ ಬೇಕಾಗಿದ್ದ ಜನ ಅವರೇ. ಈ ಮಾತನ್ನು ಲೆಕ್ಕ ಹಾಕಿ ತೋರಿಸುವುದಕ್ಕೆ ನನಗೆ ಒಂದೂವರೆ ವರ್ಷ ಬೇಕಾಯಿತು.

ಎಡವಿದ್ದನ್ನೂ ಹೇಳುತ್ತೇನೆ. ಮೊದಲು ಕೈ ಹಾಕಿದ್ದು 1918ಕ್ಕೆ. ಯುದ್ಧ ಮುಗಿದ ವರ್ಷ, ಅಲ್ಲಿಂದಲೇ ಶುರುಮಾಡೋಣ ಅಂತ. ಆ ಅಕ್ಟೋಬರಿನಲ್ಲಿ ಇನ್‌ಫ್ಲುಯೆಂಜಾ ಬಂದು ಇಂಡಿಯಾನಾ ಪೂರ್ತಿ ಜನ ಸೇರುವುದನ್ನು ನಿಲ್ಲಿಸಿದ್ದರು. ಸಾವಿನ ಸುದ್ದಿ ರಾಶಿ ರಾಶಿ, ಹೆಗಲು ಕೊಟ್ಟವರ ಹೆಸರು ಇಲ್ಲವೇ ಇಲ್ಲ. ಮನೆಯವರೇ ಸದ್ದಿಲ್ಲದೆ ಮಣ್ಣು ಮಾಡಿ ಬಂದಿದ್ದಾರೆ. ಐದು ವಾರ ಕೂತು ಮಾಡಿದ ಕೆಲಸ ಬಿಟ್ಟು 1921ಕ್ಕೆ ಹಾರಿದೆ. ಪ್ರತಿ ಎರಡನೇ ವರ್ಷದ ಫೆಬ್ರವರಿ ಮತ್ತು ಸೆಪ್ಟೆಂಬರ್ ಮಾತ್ರ ಓದುವುದು ಅಂತ ನಿಯಮ ಹಾಕಿಕೊಂಡ ಮೇಲೆ ಕೆಲಸ ಸಾಗಿತು.

ಎರಡನೆಯದು ನೆಂಟರ ಕಾಟ. ಆರು ಜನರಲ್ಲಿ ಅಳಿಯ, ಸೋದರಳಿಯ, ಷಡ್ಡಕ ಸೇರಿರುತ್ತಾರೆ. ಅವರನ್ನು ತೆಗೆಯದಿದ್ದರೆ ಇಡೀ ಊರು ಒಂದೇ ಕುಟುಂಬದ ಹಾಗೆ ಕಾಣುತ್ತದೆ. ನೆಂಟ ಯಾರು, ಲಾಡ್ಜಿನವನು ಯಾರು ಅಂತ ಬೇರೆ ಮಾಡುವುದಕ್ಕೆ ನಾನು ಒಂದು ದಾರಿ ಕಂಡುಕೊಂಡೆ. ಹೆಸರು ಬರೆದಿರುವ ಕ್ರಮದಲ್ಲಿ ಅದರ ಸುಳಿವಿದೆ ಅಂತ ಮಾತ್ರ ಈಗ ಹೇಳುತ್ತೇನೆ. ಇನ್ನೊಂದು ಊರಿನಲ್ಲಿ ಪರೀಕ್ಷೆ ಮಾಡಿ ನೋಡುವವರೆಗೆ ಅದನ್ನು ಬಿಚ್ಚುವುದಿಲ್ಲ. ಸುದ್ದಿ ಬಂದ ಒಂದೆರಡು ವಾರದ ಮೇಲೆ ಮನೆಯವರು ಹಾಕುವ ಕೃತಜ್ಞತೆಯ ಜಾಹೀರಾತನ್ನಂತೂ ಬಿಡಬೇಡಿ. ಹೂ ಕಳಿಸಿದ ಲಾಡ್ಜ್, ಯೂನಿಯನ್, ಕಾರ್ಖಾನೆಯ ವಿಭಾಗ ಎಲ್ಲವೂ ಅಲ್ಲಿರುತ್ತದೆ. ಸಾವಿನ ಸುದ್ದಿಯಲ್ಲಿ ಇಲ್ಲದ್ದು ಇಲ್ಲಿ ಸಿಗುತ್ತದೆ.

ದುಡ್ಡಿನ ವಿಷಯ. ಪತ್ರಿಕೆಗಳ ಚಂದಾ ವರ್ಷಕ್ಕೆ ಸುಮಾರು 170 ಡಾಲರ್, ಮೂರು ವರ್ಷ ಕಟ್ಟಿದೆ. ಓಡಾಟ, ಪಾರ್ಕಿಂಗ್, ಪ್ರಿಂಟ್ ಎಲ್ಲಾ ಸೇರಿ 900 ಹತ್ತಿರ ಇರಬಹುದು. ಬಹಳ ನೋವಾದದ್ದು ಬೇರೆ ಎರಡು ಕಡೆ. ಡೈರೆಕ್ಟರಿಯ ಪುಟಗಳನ್ನು ಸ್ಕ್ಯಾನ್ ಮಾಡಿಕೊಡುತ್ತೇವೆ ಅಂದ ಒಂದು ಕಡೆ 160 ಡಾಲರ್ ಕೊಟ್ಟೆ. ಬಲಗಡೆ ಅಂಚು ಪೂರ್ತಿ ಕತ್ತರಿಸಿಹೋಗಿತ್ತು. ಮನೆ ನಂಬರು ಇರುವುದೇ ಅಲ್ಲಿ! ಆಮೇಲೆ ಹೆಸರು ಟೈಪ್ ಮಾಡುವುದಕ್ಕೆ ಒಬ್ಬ ವಿದ್ಯಾರ್ಥಿಗೆ ಗಂಟೆ ಲೆಕ್ಕದಲ್ಲಿ 400ಕ್ಕೂ ಜಾಸ್ತಿ ಕೊಟ್ಟೆ. ಸತ್ತವರ ಹೆಸರು ಚೆನ್ನಾಗಿ ಬರೆದಿದ್ದ. ಹೆಗಲು ಕೊಟ್ಟವರನ್ನು ಬೇಡ ಅಂದುಕೊಂಡು ಬಿಟ್ಟಿದ್ದ. ಅಷ್ಟನ್ನೂ ನಾನೇ ಮತ್ತೆ ಮಾಡಿದೆ. ಒಟ್ಟು 2,000 ಡಾಲರ್ ಹೋಗಿದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ವ್ಯರ್ಥ.

ಈಗ ನನ್ನ ಎಕ್ಸೆಲ್ ಹಾಳೆಯಲ್ಲಿ ಸುಮಾರು 1,100 ಸಾವಿನ ಸುದ್ದಿಗಳಿವೆ. ಹೆಗಲು ಕೊಟ್ಟವರ ಹೆಸರು ಆರು ಸಾವಿರದ ಹತ್ತಿರ. ನೂರರಲ್ಲಿ ಅರವತ್ತಕ್ಕಿಂತ ಜಾಸ್ತಿ ಜನ ಡೈರೆಕ್ಟರಿಯಲ್ಲಿ ಕೆಲಸ, ವಿಳಾಸದ ಸಮೇತ ಸಿಕ್ಕಿದ್ದಾರೆ. ಇಷ್ಟು ಸಿಗುತ್ತದೆ ಅಂತ ಆ ಗುಂಪಿನಲ್ಲಿ ಯಾರೂ ನಂಬಿರಲಿಲ್ಲ.

ನಕ್ಷೆಗೆ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಯವರಿಗಾಗಿ ಒಂದೊಂದು ಕಟ್ಟಡವನ್ನೂ ತೋರಿಸಿ ಮಾಡಿದ ನಕ್ಷೆಗಳನ್ನೇ ಬಳಸಿದೆ. 50 ಅಡಿಗೆ ಒಂದು ಇಂಚು. ಗುಲಾಬಿ ಬಣ್ಣ ಅಂದರೆ ಇಟ್ಟಿಗೆಯ ಕಟ್ಟಡ, ಹಳದಿ ಅಂದರೆ ಮರದ್ದು. ಅದರಲ್ಲಿ ಅಂಗಡಿಯ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಮೂರನೇ ಮಹಡಿ ಹಾಲ್ ಅಂತ ಬರೆದಿರುತ್ತಾರೆ. ಅದನ್ನು ನೋಡದೆ ದಾಟಬೇಡಿ. ಡೈರೆಕ್ಟರಿಯ ಸಂಘಗಳ ಪುಟದಲ್ಲಿ ಯಾವ ಲಾಡ್ಜ್ ಯಾವ ವಾರ, ಯಾವ ಹಾಲಿನಲ್ಲಿ ಅಂತ ಇರುತ್ತದೆ. ಎರಡನ್ನೂ ಜೋಡಿಸಿದರೆ ಗೊತ್ತಾಗುತ್ತದೆ, ಒಂದೇ ಹಾಲನ್ನು ಬೇರೆ ಬೇರೆ ರಾತ್ರಿ ಬೇರೆ ಬೇರೆ ಸಂಘಗಳು ಬಾಡಿಗೆಗೆ ಹಿಡಿಯುತ್ತಿದ್ದವು. ಕೆಳಗೆ ಬಟ್ಟೆ ಅಂಗಡಿ, ಮೇಲೆ ಸೋಮವಾರ ಒಂದು ಲಾಡ್ಜ್, ಮಂಗಳವಾರ ಇನ್ನೊಂದು. ಸ್ವಂತ ಕಟ್ಟಡ ಇದ್ದವು ಕೆಲವೇ.

ನಡುವೆ ಎರಡು ಪ್ರಯೋಗ ಮಾಡಿದೆ. ರೇಡಿಯೊ ಬಂದು ಲಾಡ್ಜುಗಳು ಖಾಲಿಯಾದವು ಅಂತ ಎಲ್ಲರೂ ಹೇಳುತ್ತಾರೆ. 1930ರ ಜನಗಣತಿಯಲ್ಲಿ ಮನೆಯಲ್ಲಿ ರೇಡಿಯೊ ಇದೆಯಾ ಅಂತ ಒಂದು ಕಾಲಂ ಇದೆ. ಆ ಹಾಳೆಗಳು 72 ವರ್ಷ ಮುಚ್ಚಿದ್ದು 2002ರಲ್ಲಿ ಹೊರಬಂದವು. ಹೆಗಲು ಕೊಟ್ಟವರಲ್ಲಿ ಇನ್ನೂರು ಜನರನ್ನು ತೆಗೆದು ಆ ಕಾಲಂ ನೋಡಿದೆ. ಇದ್ದವರೂ ಬಂದಿದ್ದಾರೆ, ಇಲ್ಲದವರೂ ಬಂದಿದ್ದಾರೆ. ರೇಡಿಯೊ ಇದ್ದ ಮನೆಗೆ ಬಾಡಿಗೆ ಜಾಸ್ತಿ ಅನ್ನುವುದಷ್ಟೇ ಎದ್ದು ಕಂಡಿತು. ಇನ್ನೊಂದು ಬಾಸ್ಕೆಟ್‌ಬಾಲ್. ಇಂಡಿಯಾನಾದಲ್ಲಿ ಅದು ಹುಚ್ಚು. 1928ರಲ್ಲಿ ಮನ್ಸಿ ಹೈಸ್ಕೂಲು ಮಾರ್ಟಿನ್ಸ್‌ವಿಲ್ ತಂಡವನ್ನು 13-12ರಿಂದ ಸೋಲಿಸಿ ರಾಜ್ಯ ಚಾಂಪಿಯನ್ ಆಯಿತು. ಪಂದ್ಯದ ರಾತ್ರಿ ಲಾಡ್ಜಿನ ಸಭೆ ಮುಂದಕ್ಕೆ ಹೋಗುತ್ತಿತ್ತಾ ಅಂತ ನೋಡಲು ಹೋದೆ. ಎರಡು ವಾರ ಖುಷಿಯಾಗಿ ಕಳೆಯಿತು. ಏನೂ ಸಾಬೀತಾಗಲಿಲ್ಲ.

ಸಾಬೀತಾದದ್ದು ಬೇರೆ. ರೋಟರಿಯವನ ಪೆಟ್ಟಿಗೆ ಹಿಡಿದವರು ಹೆಚ್ಚಾಗಿ ಬ್ಯಾಂಕು, ವಕೀಲಿ, ದೊಡ್ಡ ಅಂಗಡಿಯವರು. ಆಶ್ಚರ್ಯವಿಲ್ಲ. 1905ರಲ್ಲಿ ಶಿಕಾಗೊದಲ್ಲಿ ಶುರುವಾದ ರೋಟರಿಯ ನಿಯಮವೇ ಆ ಕಾಲದಲ್ಲಿ ಒಂದು ಕಸುಬಿಗೆ ಒಬ್ಬ ಅಂತ ಇತ್ತು. ಅಲ್ಲಿ ಎರಕದವನಿಗೆ ಕುರ್ಚಿ ಎಲ್ಲಿ? ಆಡ್ ಫೆಲೋಸ್ ಮತ್ತು ಮೂಸ್‌ನವರ ಪೆಟ್ಟಿಗೆ ಹಿಡಿದವರಲ್ಲಿ ಕಾರ್ಖಾನೆಯವನೂ ಇದ್ದ, ಕಿರಾಣಿಯವನೂ ಇದ್ದ. ದೊಡ್ಡ ವ್ಯಾಪಾರಸ್ಥರು 1920ರ ದಶಕದಲ್ಲಿ ಲಾಡ್ಜು ಬಿಟ್ಟು ರೋಟರಿಯಂಥ ಮಧ್ಯಾಹ್ನದ ಊಟದ ಕ್ಲಬ್ಬುಗಳ ಕಡೆ ಹೋದರು. ಲಿಂಡ್ ದಂಪತಿಯೂ ಲಾಡ್ಜಿನ ಒಳ್ಳೆಯ ದಿನ ಮುಗಿದಿತ್ತು ಅಂತಲೇ ಬರೆದಿದ್ದಾರೆ. ನನಗೆ ಕಂಡದ್ದು, ಊರಿನ ದಕ್ಷಿಣದ ಕಡೆಯ ಕೆಲಸಗಾರರು ಅಷ್ಟು ಬೇಗ ಬಿಡಲಿಲ್ಲ. ಅವರಿಗೆ ಬಿಡುವುದಕ್ಕೆ ಆಗುತ್ತಿರಲಿಲ್ಲ. ಕಾಯಿಲೆ ಬಿದ್ದರೆ ವಾರಕ್ಕಿಷ್ಟು, ಸತ್ತರೆ ಮಣ್ಣು ಮಾಡುವ ಖರ್ಚಿಗೆ ಇಷ್ಟು ಅಂತ ಲಾಡ್ಜು ಕೊಡುತ್ತಿತ್ತು. ಸರ್ಕಾರವೇ ಪಿಂಚಣಿ, ನೆರವು ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾನೂನು ಬಂದದ್ದು 1935ರಲ್ಲಿ. ಅದಕ್ಕಿಂತ ಮೊದಲು ಬಡವನಿಗೆ ಇದೇ ವಿಮೆ. 1930ರ ನಂತರ ಕೆಲಸ ಹೋಯಿತು, ಚಂದಾ ಕಟ್ಟಲಾಗಲಿಲ್ಲ. ಲಾಡ್ಜುಗಳ ವಾರ್ಷಿಕ ವರದಿಯಲ್ಲಿ ಬಾಕಿಗಾಗಿ ಹೆಸರು ತೆಗೆದವರು ಎಷ್ಟು ಅಂತ ಒಂದು ಕಾಲಂ ಇದೆ. ಅದನ್ನು ಓದಲು ಮನಸ್ಸು ಗಟ್ಟಿ ಬೇಕು. ಹಾಗೆ ಹೆಸರು ಹೋದವನ ಸಾವಿನ ಸುದ್ದಿಯಲ್ಲಿ ಲಾಡ್ಜಿನ ಹೆಸರಿಲ್ಲ. ಹೆಗಲು ಕೊಟ್ಟವರು ಮಾತ್ರ ಅದೇ ಹಳೆ ಲಾಡ್ಜಿನವರು. ಇಂಥವು ನನಗೆ ಹತ್ತಾರು ಸಿಕ್ಕಿವೆ.

ಒಂದು ಕಡೆ ಈ ದಾರಿ ಪೂರ್ತಿ ಸೋತಿತು. ಮನ್ಸಿಯ ಕಪ್ಪು ಜನರ ಸಾವಿಗೆ ಊರಿನ ದೊಡ್ಡ ಪತ್ರಿಕೆಗಳು ಎರಡು ಸಾಲು ಕೊಟ್ಟರೆ ಹೆಚ್ಚು. ಲಿಂಡ್ ದಂಪತಿ ಕೂಡ ಅವರನ್ನು ಲೆಕ್ಕದಿಂದ ಹೊರಗಿಟ್ಟಿದ್ದರು. ನಾನೂ ಅದೇ ತಪ್ಪು ಮಾಡಲಾರೆ ಅಂತ ನಿಂತೆ. ದಾರಿ ತೋರಿಸಿದ್ದು ಇಂಡಿಯಾನಾಪೊಲಿಸ್ ರೆಕಾರ್ಡರ್, ಕಪ್ಪು ಜನರದೇ ವಾರಪತ್ರಿಕೆ. ಬೇರೆ ಊರುಗಳ ಸುದ್ದಿಗೂ ಅದರಲ್ಲಿ ಜಾಗವಿತ್ತು. ಯಾರ ಮನೆಯಲ್ಲಿ ಕ್ಲಬ್ಬು ಸೇರಿತು, ಯಾರು ಕಾಯಿಲೆ, ಯಾರು ತೀರಿಕೊಂಡರು ಎಲ್ಲವೂ ಇದೆ. ಅದನ್ನು ಈಗ ದುಡ್ಡಿಲ್ಲದೆ ಓದಬಹುದು. ಕು ಕ್ಲಕ್ಸ್ ಕ್ಲ್ಯಾನ್ ಅನ್ನುವ, ಮುಖವಾಡ ಹಾಕಿಕೊಂಡು ಕಪ್ಪು ಜನರನ್ನು ಹೆದರಿಸುತ್ತಿದ್ದ ಬಿಳಿಯರ ಸಂಘ ಬಲವಾಗಿದ್ದ ವರ್ಷಗಳಿಗೆ ಜಾರ್ಜ್ ಡೇಲ್ ಅವರ ಪೋಸ್ಟ್-ಡೆಮಾಕ್ರಟ್ ಪತ್ರಿಕೆ ನೋಡಿ. ಮುಖವಾಡದವರ ಎದುರು ಒಬ್ಬರೇ ನಿಂತು ಬರೆದ ಮನುಷ್ಯ. 1929ರಲ್ಲಿ ಅದೇ ಊರು ಅವರನ್ನು ಮೇಯರ್ ಮಾಡಿತು.

ಹೆಂಗಸರ ವಿಷಯಕ್ಕೆ ಬರುತ್ತೇನೆ. ಹೆಗಲು ಕೊಡುವವರಲ್ಲಿ ಹೆಂಗಸರಿಲ್ಲ. ಇಲ್ಲಿಗೆ ನಿನ್ನ ಆಟ ಮುಗಿಯಿತು ಅಂತ ಆ ಹಿರಿಯರು ಹೇಳಿದ್ದರು. ಆದರೆ ಹೆಂಗಸರ ಸಾವಿನ ಸುದ್ದಿಗಳ ಕೊನೆಯಲ್ಲಿ ಇನ್ನೊಂದು ಸಾಲು ಇರುತ್ತದೆ: ಹೂ ಹಿಡಿದವರು. ಹೂವಿನ ತಟ್ಟೆ, ಹಾರಗಳನ್ನು ಎತ್ತಿಕೊಂಡು ಪೆಟ್ಟಿಗೆಯ ಜೊತೆ ನಡೆದವರು. ಅವರು ಗೆಳತಿಯರು, ನೆರೆಮನೆಯವರು, ಆಡ್ ಫೆಲೋಸ್‌ನ ಹೆಂಗಸರ ಶಾಖೆಯಾದ ರೆಬೆಕಾ ಲಾಡ್ಜಿನವರು, ಚರ್ಚಿನ ಹೆಂಗಸರ ಸಂಘದವರು. ಮಿಸೆಸ್ ಹಾಕಿ ಗಂಡನ ಹೆಸರು ಬರೆಯುತ್ತಿದ್ದ ಪದ್ಧತಿ ಮೊದಲು ನನಗೆ ಸಿಟ್ಟು ತರಿಸುತ್ತಿತ್ತು. ಅವಳ ಹೆಸರೇ ಇಲ್ಲವಲ್ಲ ಅಂತ. ಈಗ ಅದೇ ಕೆಲಸಕ್ಕೆ ಬಂತು. ಗಂಡನ ಹೆಸರು ಹಿಡಿದು ಡೈರೆಕ್ಟರಿಗೆ ಹೋದರೆ ಪಕ್ಕದಲ್ಲೇ ಆವರಣದೊಳಗೆ ಹೆಂಡತಿಯ ಹೆಸರಿದೆ. ಮಿಸೆಸ್ ಇಂಥವನು ಅಂತ ಇದ್ದವಳು ಎಡ್ನಾ ಆದಳು, ಹೇಜಲ್ ಆದಳು, ಮೇಬಲ್ ಆದಳು.

ಹೀಗೆ ಹೆಸರು ಸಿಕ್ಕ ಹೆಂಗಸರು ಇಲ್ಲಿಯವರೆಗೆ ಏಳುನೂರು. ಹೋದ ತಿಂಗಳು ಗುಂಪಿನ ಸಭೆಗೆ ಅವರ ಬೀದಿಗಳ ನಕ್ಷೆ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಹರಡಿದೆ. ಆ ಹಿರಿಯರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಅಜ್ಜಿಯ ಬೀದಿ ಯಾವುದು ಅಂತ ಹೇಳಿ, ಅಲ್ಲಿ ಹುಡುಕು ಅಂದರು. ಮರದ ಮನೆಗಳ ಸಾಲು ಅದು, ನಕ್ಷೆಯಲ್ಲಿ ಪೂರ್ತಿ ಹಳದಿ. ಅವರ ಅಜ್ಜಿ ಎರಡು ಸಲ ಹೂ ಹಿಡಿದಿದ್ದರು, 1927ರಲ್ಲಿ ಒಮ್ಮೆ, 1933ರಲ್ಲಿ ಒಮ್ಮೆ.