ಕಾಯಿಲೆಯ ಮುದಿ ನಾಯಿಗೆ ತಾತ್ಕಾಲಿಕ ಮನೆ: ದತ್ತು ಆಗುವವರೆಗೆ ನೋಡಿಕೊಳ್ಳುವುದು ಹೇಗೆ?

ಮರಿ ನಾಯಿಯನ್ನು ಯಾರಾದರೂ ಒಯ್ಯುತ್ತಾರೆ. ಹತ್ತು ವರ್ಷ ದಾಟಿದ, ಹಿಂಗಾಲು ಎಳೆಯುವ, ದಿನಕ್ಕೆರಡು ಮಾತ್ರೆ ನುಂಗಬೇಕಾದ ನಾಯಿಯ ಮುಂದೆ ಬಂದವರು ತಲೆ ಸವರಿ ಮುಂದೆ ಹೋಗುತ್ತಾರೆ. ಅವರನ್ನು ಹಿಂಜರಿಸುವುದು ಕಾಯಿಲೆಗಿಂತ ಹೆಚ್ಚಾಗಿ ಅದರ ಬಗ್ಗೆ ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂಬುದು. ರಾತ್ರಿ ಎಷ್ಟು ಸಲ ಏಳುತ್ತದೆ? ಔಷಧಿಯನ್ನು ಸುಲಭವಾಗಿ ತೆಗೆದುಕೊಳ್ಳುತ್ತದೆಯೇ? ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ? ನೂರು ನಾಯಿಗಳು ಬೊಗಳುವ ಆಶ್ರಯಧಾಮದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಹಾಗಾಗಿ ದತ್ತು ಆಗುವವರೆಗೆ ನಾಯಿಯನ್ನು ಇಟ್ಟುಕೊಳ್ಳುವವರ ಕೆಲಸ ಎರಡು. ಒಂದು, ಚೇತರಿಸಿಕೊಳ್ಳಲು ಜಾಗ ಕೊಡುವುದು. ಇನ್ನೊಂದು, ಈ ಪ್ರಶ್ನೆಗಳಿಗೆ ನಂಬಬಹುದಾದ ಉತ್ತರ ಬರೆದಿಡುವುದು. ಮೊದಲನೆಯದನ್ನು ಎಲ್ಲರೂ ಪ್ರೀತಿಯಿಂದ ಮಾಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಹೂಂ ಅನ್ನುವ ಮೊದಲು

ನಾಯಿಯನ್ನು ಮನೆಗೆ ತರುವ ಮುನ್ನ ಸಂಸ್ಥೆಯವರ ಜೊತೆ ಮಾತುಕತೆ ಬರಹದಲ್ಲಿರಲಿ. ಔಷಧಿ, ವಿಶೇಷ ಆಹಾರ, ಸ್ಕ್ಯಾನಿಂಗ್‌ಗಳ ಖರ್ಚು ಯಾರದು? ಯಾವ ವೈದ್ಯರ ಬಳಿ ಹೋಗಬೇಕು? ನಡುರಾತ್ರಿ ಉಸಿರಾಟ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಮುಂದಿನ ನಂಬರ್ ಯಾವುದು? ಶಸ್ತ್ರಚಿಕಿತ್ಸೆಗೆ ಅಥವಾ ದಯಾಮರಣಕ್ಕೆ ಒಪ್ಪಿಗೆ ಕೊಡುವವರು ಯಾರು? ಸಾಮಾನ್ಯವಾಗಿ ನಾಯಿಯ ಮಾಲೀಕತ್ವ ಸಂಸ್ಥೆಯ ಬಳಿಯೇ ಉಳಿಯುತ್ತದೆ, ಆದ್ದರಿಂದ ದೊಡ್ಡ ತೀರ್ಮಾನಗಳು ನಿಮ್ಮ ಕೈಯಲ್ಲಿರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಆಮೇಲೆ ಜಗಳವಿಲ್ಲ. ಅವಧಿಯನ್ನೂ ಕೇಳಿ. ಮುದಿ ನಾಯಿಗೆ ಮನೆ ಸಿಗಲು ತಿಂಗಳುಗಳೇ ಹಿಡಿಯಬಹುದು. ‘ಹದಿನೈದು ದಿನ ಅಷ್ಟೇ’ ಎಂಬ ಮಾತನ್ನು ನಂಬಿ ರಜೆ ಹೊಂದಿಸಿಕೊಳ್ಳಬೇಡಿ.

ಮನೆಯಲ್ಲಿ ಏನು ಬದಲಾಗಬೇಕು

ಒಂದು ಕೋಣೆ ಅಥವಾ ಬೇಲಿ ಹಾಕಿದ ಒಂದು ಮೂಲೆ ಸಾಕು. ಮನೆ ಪೂರ್ತಿ ಬಿಡುವುದು ಉದಾರತೆಯಂತೆ ಕಂಡರೂ ಹೊಸ ನಾಯಿಗೆ ಅದು ಗೊಂದಲ. ಸಂಧಿವಾತ ಇರುವ ನಾಯಿಗೆ ಅತಿ ದೊಡ್ಡ ಶತ್ರು ನುಣುಪಾದ ನೆಲ. ಕಾಲು ಜಾರಿದಾಗಲೆಲ್ಲ ಸೊಂಟದ ಸ್ನಾಯು ಬಿಗಿಯುತ್ತದೆ, ನೋಯುತ್ತದೆ, ಕೊನೆಗೆ ನಡೆಯುವುದನ್ನೇ ಬಿಡುತ್ತದೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ತಳದಲ್ಲಿ ರಬ್ಬರ್ ಇರುವ ಚಾಪೆಗಳನ್ನು ಒಂದಕ್ಕೊಂದು ತಾಗಿಸಿ ಹಾಸಿ. ನಡುವೆ ಒಂದಡಿ ಬಿಟ್ಟರೂ ನಾಯಿ ಅಲ್ಲೇ ನಿಂತುಬಿಡುತ್ತದೆ. ಪಂಜದ ಮೆತ್ತೆಗಳ ನಡುವೆ ಬೆಳೆದ ಕೂದಲು ಕತ್ತರಿಸಿ, ಉದ್ದ ಉಗುರು ತೆಗೆಸಿ. ಇಷ್ಟರಿಂದಲೇ ಎಷ್ಟೋ ನಾಯಿಗಳ ನಡಿಗೆ ಸುಧಾರಿಸುತ್ತದೆ.

ಹಾಸಿಗೆಯ ಫೋಮ್ ದಪ್ಪವಾಗಿರಲಿ. ಕೈಯಿಂದ ಒತ್ತಿದಾಗ ನೆಲ ತಾಗುವಂತಿದ್ದರೆ ಮೊಣಕೈ ಮೇಲೆ ಗಟ್ಟಿ ಚರ್ಮ, ಆಮೇಲೆ ಹುಣ್ಣು. ಫೋಮ್ ಮೇಲೆ ನೀರು ಇಳಿಯದ ಹೊದಿಕೆ, ಅದರ ಮೇಲೆ ಒಗೆಯಬಹುದಾದ ಬಟ್ಟೆ. ಇಂಥ ಬಟ್ಟೆ ಮೂರಾದರೂ ಬೇಕು: ಒಂದು ಹಾಸಿಗೆಯಲ್ಲಿ, ಒಂದು ಒಣಗಲು, ಒಂದು ಕೈಗೆ ಸಿಗುವಂತೆ. ನಾಯಿಗೆ ಕಣ್ಣು ಕಾಣದಿದ್ದರೆ ಪೀಠೋಪಕರಣ ಅತ್ತಿತ್ತ ಸರಿಸಬೇಡಿ, ಮುಟ್ಟುವ ಮೊದಲು ಮಾತಾಡಿಸಿ. ಕಿವಿ ಕೇಳಿಸದಿದ್ದರೆ ಎದುರಿನಿಂದ ಬನ್ನಿ. ಮಲಗಿರುವಾಗ ಹಾಸಿಗೆಯ ಅಂಚನ್ನು ಮೆಲ್ಲಗೆ ತಟ್ಟಿ ಎಬ್ಬಿಸಿ. ಬೆಚ್ಚಿ ಕಚ್ಚಿದ ನಾಯಿಯನ್ನು ‘ಸಿಡುಕು’ ಎಂದು ಬರೆದರೆ ಅದರ ದತ್ತು ಅಲ್ಲಿಗೇ ಮುಗಿಯಿತು.

ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಅವುಗಳ ಲಸಿಕೆ ಪೂರ್ಣವಾಗಿರಬೇಕು. ಆದರೂ ಎರಡು ವಾರ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಹಗ್ಗ. ಬಂದ ದಿನ ಚೆನ್ನಾಗಿಯೇ ಕಾಣುವ ನಾಯಿಯಲ್ಲಿ ಕೆಮ್ಮು ಅಥವಾ ಭೇದಿ ಕೆಲವು ದಿನಗಳ ನಂತರ ಕಾಣಿಸಿಕೊಳ್ಳಬಹುದು. ಉಣ್ಣಿ, ಚಿಗಟಗಳಿಗೆ ಔಷಧಿ ಮೊದಲ ದಿನವೇ, ಆದರೆ ವೈದ್ಯರು ತೂಕ ನೋಡಿ ಹೇಳಿದ್ದನ್ನೇ. ಫಿಟ್ಸ್ ಇರುವ ನಾಯಿಗೆ ಕೆಲವು ಉಣ್ಣಿ ಮಾತ್ರೆಗಳು ಆಗಿಬರುವುದಿಲ್ಲ.

ಮೊದಲ ಮೂರು ದಿನ

ಏನೂ ಮಾಡದಿರುವುದೇ ಮುಖ್ಯ ಕೆಲಸ. ಸ್ನಾನ ಬೇಡ, ನೆಂಟರು ಬೇಡ, ಫೋಟೊ ಸಂಭ್ರಮವೂ ಬೇಡ. ಒಂದೇ ಹೊತ್ತಿಗೆ ಊಟ, ಒಂದೇ ದಾರಿಯಲ್ಲಿ ಹೊರಗೆ, ಒಂದೇ ಜಾಗದಲ್ಲಿ ನಿದ್ದೆ. ಈ ದಿನಗಳಲ್ಲಿ ಕಾಣುವ ಸ್ವಭಾವವನ್ನು ನಂಬಬೇಡಿ. ಮೂಲೆ ಹಿಡಿದು ಮಲಗಿದ ‘ಶಾಂತ’ ನಾಯಿ ಮೂರನೇ ವಾರ ಬಾಗಿಲಿಗೆ ಬಂದವರನ್ನೆಲ್ಲ ಬೊಗಳಿ ಓಡಿಸಬಹುದು. ಹೊರಗೆ ಕರೆದೊಯ್ಯುವಾಗ ಕೊರಳಪಟ್ಟಿಯ ಜೊತೆಗೆ ಎದೆಗೆ ಕಟ್ಟುವ ಹಾರ್ನೆಸ್ಸೂ ಇರಲಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಳ್ಳುವುದು ಕ್ಷಣದ ಕೆಲಸ. ಮುದಿ ನಾಯಿ ಓಡಲಾರದು ಎಂಬ ಭರವಸೆ ತಪ್ಪು.

ಊಟ ಕಡಿಮೆ ತಿಂದರೆ ಗಾಬರಿ ಬೇಡ. ಆದರೆ 24 ಗಂಟೆ ಏನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಿ. ಸಕ್ಕರೆ ಕಾಯಿಲೆ ಇದ್ದರೆ ಒಂದೇ ಹೊತ್ತು ಬಿಟ್ಟರೂ ಫೋನ್ ಮಾಡಬೇಕು.

ವೈದ್ಯರ ಬಳಿ ಕೇಳಬೇಕಾದ್ದು

ಸಂಸ್ಥೆಯ ಕಡತದಲ್ಲಿ ‘ಆರೋಗ್ಯ ತಪಾಸಣೆ ಆಗಿದೆ’ ಎಂದಿದ್ದರೆ ಏನೇನು ನೋಡಿದ್ದಾರೆಂದು ಕೇಳಿ. ಮುದಿ ನಾಯಿಗೆ ರಕ್ತದ ಪೂರ್ಣ ಪರೀಕ್ಷೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಮೂತ್ರ ಪರೀಕ್ಷೆ ಆಗಿರಬೇಕು. ಉಣ್ಣಿ ಹೆಚ್ಚಿರುವ ಕಡೆಯಿಂದ ಬಂದಿದ್ದರೆ ಉಣ್ಣಿ ಜ್ವರದ ಪರೀಕ್ಷೆ, ಹೃದಯದ ಹುಳು ಇರುವ ಪ್ರದೇಶವಾದರೆ ಅದರದ್ದೂ ಬೇಕು. ಸಂತಾನಹರಣ ಆಗದ ಹೆಣ್ಣು ನಾಯಿ ಇದ್ದಕ್ಕಿದ್ದಂತೆ ಬಹಳ ನೀರು ಕುಡಿದು ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಸ್ರಾವ ಹೊರಗೆ ಕಾಣಲೇಬೇಕೆಂದಿಲ್ಲ. ಅದು ಅದೇ ದಿನದ ತುರ್ತು.

ಬಾಯಿ ತೆರೆಸಿ ನೋಡಿಸಿ. ಕೊಳೆತ ಹಲ್ಲಿನ ನೋವನ್ನು ನಾಯಿ ತೋರಿಸಿಕೊಳ್ಳುವುದಿಲ್ಲ, ತಿನ್ನುತ್ತಲೇ ಇರುತ್ತದೆ. ರಕ್ತ ಪರೀಕ್ಷೆ ಅರಿವಳಿಕೆಗೆ ಒಪ್ಪಿದರೆ ಹಲ್ಲಿನ ಚಿಕಿತ್ಸೆಯನ್ನು ದತ್ತಿಗೆ ಮುಂಚೆಯೇ ಮುಗಿಸಬೇಕೆಂಬುದು ನಮ್ಮ ಅಭಿಪ್ರಾಯ. ಹೊಸ ಮನೆಯವರಿಗೆ ಅಷ್ಟರಮಟ್ಟಿಗೆ ಖರ್ಚೂ ಹೆದರಿಕೆಯೂ ಕಡಿಮೆ, ಬಾಯಿ ನಾರುವ ನಾಯಿಯನ್ನು ಯಾರೂ ಮಡಿಲಿಗೆ ಎತ್ತಿಕೊಳ್ಳುವುದಿಲ್ಲ ಎಂಬುದೂ ನಿಜ.

ಔಷಧಿ ಕೊಡುವ ಕ್ರಮ

ಮಾತ್ರೆಯನ್ನು ಊಟದ ಬಟ್ಟಲಿಗೆ ಬೆರೆಸಬೇಡಿ. ಕಹಿ ಗೊತ್ತಾದರೆ ನಾಯಿ ಊಟವನ್ನೇ ಅನುಮಾನಿಸುತ್ತದೆ. ಅರ್ಧ ತಿಂದು ಬಿಟ್ಟರೆ ಎಷ್ಟು ಡೋಸ್ ಹೋಯಿತೆಂದೂ ತಿಳಿಯದು. ಮೆತ್ತನೆ ಆಹಾರದ ಮೂರು ಪುಟ್ಟ ಉಂಡೆ ಮಾಡಿ: ಮೊದಲನೆಯದು ಖಾಲಿ, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಖಾಲಿ. ಎರಡನೆಯದು ಬಾಯಲ್ಲಿರುವಾಗಲೇ ಮೂರನೆಯದನ್ನು ಮೂಗಿನ ಮುಂದೆ ಹಿಡಿದರೆ ಅಗಿಯದೆ ನುಂಗುತ್ತದೆ. ಕಡಲೆಕಾಯಿ ಬೆಣ್ಣೆ ಬಳಸುವುದಾದರೆ ಅದರಲ್ಲಿ ಕ್ಸೈಲಿಟಾಲ್ ಇಲ್ಲವೆಂದು ಲೇಬಲ್ ನೋಡಿ, ಆ ಸಿಹಿಕಾರಕ ನಾಯಿಗೆ ವಿಷ.

ಉಂಡೆ ಫಲಿಸದಿದ್ದರೆ ಕೈಯಿಂದಲೇ ಕೊಡಬೇಕು. ನಾಯಿಯ ಹಿಂಭಾಗ ಗೋಡೆಗೋ ಮೂಲೆಗೋ ಇರಲಿ, ನೀವು ಪಕ್ಕದಲ್ಲಿ ಕೂತಿರಿ. ಎಡಗೈಯನ್ನು ಮೂತಿಯ ಮೇಲಿಂದ ಇಳಿಸಿ ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಕೋರೆಹಲ್ಲಿನ ಹಿಂದೆ ಬರುವಂತೆ ಹಿಡಿಯಿರಿ. ಬಲಗೈಯ ಹೆಬ್ಬೆರಳು-ತೋರುಬೆರಳ ನಡುವೆ ಮಾತ್ರೆ; ಅದೇ ಕೈಯ ನಡುಬೆರಳಿಂದ ಕೆಳಗಿನ ಮುಂಹಲ್ಲುಗಳನ್ನು ಒತ್ತಿದರೆ ದವಡೆ ತೆರೆಯುತ್ತದೆ. ನಾಲಿಗೆಯ ಹಿಂಭಾಗದ ನಟ್ಟನಡುವೆ ಮಾತ್ರೆ ಇಟ್ಟು ಬಾಯಿ ಮುಚ್ಚಿಸಿ, ಗಂಟಲು ಸವರಿ. ನಾಲಿಗೆ ಹೊರಗೆ ಬಂದು ಮೂಗು ನೆಕ್ಕಿತೆಂದರೆ ನುಂಗಿತು. ಮಾತ್ರೆ ನಾಲಿಗೆಯ ಬದಿಗೆ ಬಿದ್ದರೆ ಐದು ನಿಮಿಷದ ಮೇಲೆ ಸೋಫಾ ಕೆಳಗೆ ಸಿಗುತ್ತದೆ. ಕುತ್ತಿಗೆ ನೋವಿರುವ ನಾಯಿಯ ತಲೆಯನ್ನು ಮೇಲಕ್ಕೆ ಎತ್ತಲೇಬೇಡಿ. ಕೊನೆಗೆ ಸೂಜಿಯಿಲ್ಲದ ಸಿರಿಂಜಿನಿಂದ 5 ಮಿಲಿಲೀಟರ್ ನೀರನ್ನು ಕೆನ್ನೆಯ ಬದಿಯಿಂದ ನಿಧಾನಕ್ಕೆ ಬಿಡಿ. ಉಣ್ಣಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಒಣಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಸುಡುತ್ತದೆ.

ಕೆಲವು ಔಷಧಿಗಳ ಹೊತ್ತು ಮುಖ್ಯ. ಹೃದಯಕ್ಕೆ ಕೊಡುವ ಪಿಮೊಬೆಂಡಾನ್ ಊಟಕ್ಕೆ ಸುಮಾರು ಒಂದು ಗಂಟೆ ಮೊದಲು; ನೋವಿನ ಮಾತ್ರೆ ಸಾಮಾನ್ಯವಾಗಿ ಊಟದ ಜೊತೆ. ನೋವಿನ ಮಾತ್ರೆ ತೆಗೆದುಕೊಳ್ಳುತ್ತಿರುವ ನಾಯಿ ವಾಂತಿ ಮಾಡಿದರೆ, ಊಟ ಬಿಟ್ಟರೆ, ಮಲ ಡಾಂಬರಿನಂತೆ ಕಪ್ಪಾದರೆ ಮುಂದಿನ ಡೋಸ್ ಕೊಡದೆ ವೈದ್ಯರನ್ನು ಕೇಳಿ. ಸ್ಟಿರಾಯ್ಡ್ ಜೊತೆ ನೋವಿನ ಮಾತ್ರೆ ಕೂಡದು. ಮನುಷ್ಯರ ಐಬುಪ್ರೊಫೆನ್, ಪ್ಯಾರಸಿಟಮಾಲ್ ನಿಮ್ಮ ತೀರ್ಮಾನದ ಮೇಲೆ ಎಂದೂ ಬೇಡ. ಫಿಟ್ಸ್‌ನ ಫಿನೋಬಾರ್ಬಿಟಾಲ್ ಒಮ್ಮೆಲೇ ನಿಂತರೆ ಫಿಟ್ಸ್ ಇನ್ನೂ ಜೋರಾಗಿ ಮರಳುತ್ತದೆ, ಹಾಗಾಗಿ ಒಂದು ವಾರದ ಮಾತ್ರೆ ಉಳಿದಿರುವಾಗಲೇ ಹೊಸದನ್ನು ತರಿಸಿ. ಐದು ನಿಮಿಷ ದಾಟಿದ ಫಿಟ್ಸ್‌ಗೆ ಆಸ್ಪತ್ರೆಯೇ ದಾರಿ.

ಇನ್ಸುಲಿನ್ ಕೊಡುವವರು ಸಿರಿಂಜ್ ಮೇಲಿನ ಅಂಕಿಯನ್ನು ಬಾಟಲಿಯ ಅಂಕಿಗೆ ತಾಳೆ ನೋಡಲೇಬೇಕು. ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ ಅನ್ನು 40 ಯೂನಿಟ್‌ನದಕ್ಕೆಂದು ಮಾಡಿದ ಸಿರಿಂಜಿನಲ್ಲಿ ಎಳೆದರೆ ಬೇಕಾದದ್ದರ ಎರಡೂವರೆ ಪಟ್ಟು ಹೋಗುತ್ತದೆ. ಚುಚ್ಚುಮದ್ದು ಊಟದ ನಂತರ, 12 ಗಂಟೆಗೊಮ್ಮೆ. ನಾಯಿ ತೂರಾಡಿದರೆ, ನಡುಗಿದರೆ ವಸಡಿಗೆ ಜೇನು ಸವರಿ ತಕ್ಷಣ ಹೊರಡಿ. ಯಾವ ಔಷಧಿಯೇ ಆಗಲಿ, ತಪ್ಪಿದ ಡೋಸ್‌ಗೆ ಎರಡರಷ್ಟು ಕೊಡುವ ಹಾಗಿಲ್ಲ.

ಊಟ, ನೀರು

ಹಳೆಯ ಆಹಾರದಿಂದ ಹೊಸದಕ್ಕೆ 7ರಿಂದ 10 ದಿನ: ಮೊದಲು ಕಾಲು ಭಾಗ, ಆಮೇಲೆ ಅರ್ಧ, ಮುಕ್ಕಾಲು. ಆತುರಪಟ್ಟರೆ ಭೇದಿ ಖಚಿತ, ಅದು ಕಾಯಿಲೆಯದೋ ಊಟದ್ದೋ ಎಂದು ಹೇಳಲು ಆಗದ ತಲೆನೋವು ಬೇರೆ. ವಿಶ್ರಾಂತಿಯಲ್ಲಿರುವ ದೇಹಕ್ಕೆ ಬೇಕಾದ ಶಕ್ತಿಯ ಅಂದಾಜು ಸುಲಭ: ಕಿಲೋ ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. 15 ಕಿಲೋ ನಾಯಿಗೆ ದಿನಕ್ಕೆ 520 ಕ್ಯಾಲೊರಿ. ಓಡಾಟ ನೋಡಿ ಇದರ ಮೇಲೆ ವೈದ್ಯರು ಏರಿಸುತ್ತಾರೆ. ಎಲುಬು ಗೂಡಾದ ನಾಯಿಗೆ ಮಾತ್ರ ಮನಸ್ಸು ಕರಗಿ ಮೊದಲ ದಿನವೇ ಬಟ್ಟಲು ತುಂಬಿಸಬಾರದು. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಅಪಾಯ. ವೈದ್ಯರು ಹೇಳಿದ ಅಳತೆಯಲ್ಲಿ, ದಿನಕ್ಕೆ ನಾಲ್ಕಾರು ಸಲ, ಚೂರುಚೂರೇ.

ನೀರನ್ನು ಅಳೆದು ಇಡಿ. ಬೆಳಿಗ್ಗೆ ಹಾಕಿದ್ದರಲ್ಲಿ ಮರುದಿನ ಉಳಿದದ್ದನ್ನು ಕಳೆಯಿರಿ. ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಲೀಟರ್ ದಾಟಿದರೆ ಮೂತ್ರಪಿಂಡ, ಸಕ್ಕರೆ ಕಾಯಿಲೆ, ಹಾರ್ಮೋನ್ ತೊಂದರೆಗಳ ಸುಳಿವು. ಮೂತ್ರ ಹೆಚ್ಚಾಯಿತೆಂದು ನೀರು ಕಡಿತಗೊಳಿಸುವುದು ಮಾತ್ರ ದೊಡ್ಡ ತಪ್ಪು.

ದಿನಚರಿ ಪುಸ್ತಕ

ಸಾಮಾನ್ಯ ನೋಟ್‌ಪುಸ್ತಕ, ದಿನಕ್ಕೊಂದು ಪುಟ. ಊಟ ಎಷ್ಟು ಹಾಕಿದಿರಿ, ಎಷ್ಟು ತಿಂದಿತು, ನೀರು, ಮಲಮೂತ್ರ, ಔಷಧಿಯ ಹೊತ್ತು, ನಡೆದ ನಿಮಿಷ, ರಾತ್ರಿ ಎದ್ದದ್ದು. ವಾರಕ್ಕೊಮ್ಮೆ ತೂಕ. ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆದರೂ ಆದೀತು.

ಹೃದ್ರೋಗ ಇದ್ದರೆ ಇನ್ನೊಂದು ಸಾಲು: ನಿದ್ದೆಯ ಉಸಿರು. ಗಾಢವಾಗಿ ಮಲಗಿರುವಾಗ ಎದೆ ಏರಿ ಇಳಿದರೆ ಒಂದು ಎಂದು 30 ಸೆಕೆಂಡ್ ಎಣಿಸಿ ದ್ವಿಗುಣಗೊಳಿಸಿ. ಕಾಲು ಅದುರುವ ಕನಸಿನ ಹೊತ್ತು, ನಡೆದು ಬಂದ ಕೂಡಲೇ, ಸೆಕೆಯಲ್ಲಿ ಎಣಿಸಿದ್ದು ಲೆಕ್ಕಕ್ಕಿಲ್ಲ. ಮತ್ತೆ ಎಣಿಸಿದಾಗಲೂ ನಿಮಿಷಕ್ಕೆ 30 ದಾಟಿದರೆ ವೈದ್ಯರಿಗೆ ಫೋನ್. ಶ್ವಾಸಕೋಶದಲ್ಲಿ ನೀರು ಸೇರುವ ಮೊದಲ ಸೂಚನೆ ಹೆಚ್ಚಾಗಿ ಇದೇ. ವಸಡು ಬೂದಿ ಅಥವಾ ನೀಲಿಯಾದರೆ ಫೋನಿಗೂ ಕಾಯಬೇಡಿ.

ಪದಗಳನ್ನು ಎಚ್ಚರದಿಂದ ಬಳಸಿ. ‘ಮನೆಯೊಳಗೆ ಗಲೀಜು ಮಾಡುತ್ತದೆ’ ಎಂದರೆ ಯಾರಿಗೂ ಏನೂ ತಿಳಿಯದು. ನಿದ್ದೆಯಿಂದ ಎದ್ದಾಗ ಹಾಸಿಗೆ ಒದ್ದೆ ಇದ್ದರೆ ಅದು ಮೂತ್ರಕೋಶದ ಹಿಡಿತ ಸಡಿಲವಾದದ್ದು, ಹಲವು ನಾಯಿಗಳಲ್ಲಿ ಔಷಧಿಗೆ ಬಗ್ಗುತ್ತದೆ. ಬಾಗಿಲ ಬಳಿ ಹೋಗಿ ಅಲ್ಲೇ ಮಾಡಿದರೆ ಹೊರಗೆ ಬಿಡುವುದು ತಡವಾಯಿತು ಎಂದರ್ಥ. ಸಂಜೆಯಾದ ಮೇಲೆ ಗೋಡೆ ದಿಟ್ಟಿಸುತ್ತಾ, ರಾತ್ರಿಯೆಲ್ಲ ಸುತ್ತುತ್ತಾ, ಪರಿಚಿತ ಕೋಣೆಯಲ್ಲೇ ದಾರಿ ತಪ್ಪುತ್ತಿದ್ದರೆ ಮುಪ್ಪಿನ ಮರೆವು ಇರಬಹುದು.

ಹೊಸ ಮನೆಗೆ ಒಪ್ಪಿಸುವುದು

ಫೋಟೊ ತೆಗೆಯುವಾಗ ನೆಲಕ್ಕೆ ಕೂತು ನಾಯಿಯ ಕಣ್ಣಿನ ಮಟ್ಟದಲ್ಲಿ, ಹಗಲು ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ಪೊರೆ ಬಂದ ಕಣ್ಣು ಫ್ಲ್ಯಾಷ್‌ಗೆ ಭೂತದಂತೆ ಕಾಣುತ್ತದೆ. ಜೊತೆಗೆ ನಡೆಯುವ, ತಿನ್ನುವ, ಮಾತ್ರೆ ನುಂಗುವ ಪುಟ್ಟ ವಿಡಿಯೊಗಳಿರಲಿ. ಕರುಣೆ ಉಕ್ಕಿಸುವ ಬರಹಕ್ಕೆ ಕಣ್ಣೀರು ಬರುತ್ತದೆ, ಮನೆ ಬರುವುದಿಲ್ಲ. ‘ದಿನಕ್ಕೆರಡು ಮಾತ್ರೆ, ಕೈಯಿಂದಲೇ ನುಂಗುತ್ತದೆ, ಹತ್ತು ನಿಮಿಷದ ಮೂರು ನಡಿಗೆ, ನಾಲ್ಕು ಗಂಟೆ ಒಂಟಿಯಾಗಿ ಮಲಗಿರುತ್ತದೆ, ಮೆಟ್ಟಿಲು ಹತ್ತಲಾರದು’ ಎಂಬ ನಾಲ್ಕು ಸಾಲು ಹೆಚ್ಚು ಕೆಲಸ ಮಾಡುತ್ತದೆ. ಮುಚ್ಚಿಟ್ಟ ಕಾಯಿಲೆ ವಾರದೊಳಗೆ ಬಯಲಾಗಿ ನಾಯಿ ವಾಪಸ್ ಬರುತ್ತದೆ, ಪ್ರತಿ ವಾಪಸಾತಿಯೂ ಅದರ ಕಡತಕ್ಕೊಂದು ಕಪ್ಪುಚುಕ್ಕೆ.

ಒಪ್ಪಿಸುವ ದಿನ ಎರಡು ವಾರದ ಔಷಧಿ, ತಿನ್ನುತ್ತಿದ್ದ ಆಹಾರ, ವೈದ್ಯರ ವರದಿಗಳ ಪ್ರತಿ, ದಿನಚರಿ ಪುಸ್ತಕ ಮತ್ತು ಪರಿಚಿತ ವಾಸನೆ ಉಳಿದಿರುವ, ಒಗೆಯದ ಹೊದಿಕೆ ಜೊತೆಗೆ ಹೋಗಲಿ. ಹೊಸ ಪಾಲಕರು ನಿಮ್ಮೆದುರೇ ಒಂದು ಡೋಸ್ ಕೊಟ್ಟು ನೋಡಲಿ.

ಮೊದಲ ವಾರದ ಫೋನ್‌ಗಳು ಹೆಚ್ಚಾಗಿ ಮೂರೇ ವಿಷಯಕ್ಕೆ: ತಿನ್ನುತ್ತಿಲ್ಲ, ರಾತ್ರಿ ಓಡಾಡುತ್ತದೆ, ಒಳಗೇ ಮೂತ್ರ ಮಾಡಿತು. ಇಲ್ಲಿಗೆ ಬಂದಾಗ ಇವು ಎಷ್ಟನೇ ದಿನ ಸರಿಹೋದವು ಎಂಬುದು ಪುಸ್ತಕದಲ್ಲಿದೆ. ಆ ಪುಟ ತೆರೆಯಲು ಹೇಳಿ. ಅದರಲ್ಲಿ ಇಲ್ಲದ ಲಕ್ಷಣ ಹೇಳಿದರೆ ಮಾತ್ರ ಸಮಾಧಾನ ಮಾಡಲು ಹೋಗದೆ ವೈದ್ಯರ ನಂಬರ್ ಕೊಡಿ.